ರೇಡಿಯೋ ಮೇಲಿನ ಬಿಳಿ ಚುಕ್ಕೆಗಳು

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಗೂ ಕಾಫಿಪುಡಿಯ ಡಬ್ಬಿಗೂ ನಡುವೆ, ಒಂದು ಹಳೆಯ ರೇಡಿಯೋ ಕೂತಿದೆ. ಅದರ ಮೈಗೆ ಹಿಡಿದ ಗ್ರೀಸಿನ ಜಿಡ್ಡು ಎಷ್ಟು ಉಜ್ಜಿದರೂ ಬಿಡಲಿಲ್ಲ. ನನ್ನ ಹೆಂಡತಿ ಕೆಂಪಮ್ಮ ಸೀಗೆಪುಡಿ, ಸೋಪು, ಸೀಮೆಎಣ್ಣೆ ಎಲ್ಲವನ್ನೂ ಪ್ರಯೋಗಿಸಿ ಸೋತು, ಕೊನೆಗೆ ಅದೇ ಅದರ ಹುಟ್ಟುಬಣ್ಣವೆಂದು ಒಪ್ಪಿಕೊಂಡಿದ್ದಾಳೆ. ಆದರೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಜಿಡ್ಡಲ್ಲ, ವಾಲ್ಯೂಮ್ ನಾಬಿನ ಸುತ್ತ ಬಿಳಿ ಪೇಂಟಿನಲ್ಲಿ ಇಟ್ಟಿರುವ ಚುಕ್ಕೆಗಳ ಸಾಲು. ಎಡಗಡೆ ಕೆಳಗಿನಿಂದ ಹೊರಟು, ನೆತ್ತಿಯನ್ನು ದಾಟಿ, ಬಲಕ್ಕೆ ಬಾಗಿ, ನಾಬು ಇನ್ನು ತಿರುಗಲಾರೆ ಎಂದು ನಿಲ್ಲುವ ಜಾಗದವರೆಗೂ ಅವು ಹಬ್ಬಿವೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದ ಹುಡುಗ, "ಏನ್ ಸಾರ್, ರೇಡಿಯೋಗೂ ರಂಗೋಲಿ ಬಿಡ್ತೀರಾ?" ಎಂದನಂತೆ. ಎಂದನಂತೆ ಎನ್ನುತ್ತಿದ್ದೇನೆ, ಏಕೆಂದರೆ ನನಗೆ ಅವನ ನಗು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಕೆಂಪಮ್ಮ ಆಮೇಲೆ ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು, ತಿಳಿಸಿದಳು.

ರಂಗೋಲಿಯಲ್ಲ ಮಾರಾಯರೇ. ಅದು ನಮ್ಮ ಶೆಡ್ಡಿನವರೆಲ್ಲರ ಕಿವಿಯ ಜಾತಕ. ಇಟ್ಟಾಗ ನಮಗದು ಗೊತ್ತಿರಲಿಲ್ಲ ಅಷ್ಟೆ.

ಪೀಣ್ಯದ ಒಳರಸ್ತೆಯೊಂದರಲ್ಲಿ, ಎರಡು ಪೌಡರ್ ಕೋಟಿಂಗ್ ಶೆಡ್ಡುಗಳ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಂತಿದ್ದ ಪ್ರೆಸ್ ಶಾಪಿನಲ್ಲಿ ನಾನು ಡೈ ಸೆಟ್ಟರ್ ಆಗಿದ್ದೆ. ಕಬ್ಬಿಣದ ತಗಡನ್ನು ಪ್ರೆಸ್ಸಿನ ಕೆಳಗೆ ಇಟ್ಟರೆ ಮೇಲಿಂದ ಡೈ, ಅಂದರೆ ಉಕ್ಕಿನ ಅಚ್ಚು, ಬಂದು ಹೊಡೆಯುತ್ತದೆ. ತಗಡು ಹೋಗಿ ಸ್ಕೂಟರಿನ ಯಾವುದೋ ಮೂಲೆಯಲ್ಲಿ ಕೂರುವ ಒಂದು ತುಂಡಾಗುತ್ತದೆ. ಆ ತುಂಡು ಯಾವುದೆಂದು ಸ್ಕೂಟರ್ ಓಡಿಸುವವರಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ನಮಗೂ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದದ್ದು ಸದ್ದು ಮಾತ್ರ. ಒಂದರ ಪಕ್ಕ ಒಂದು ನಿಂತ ಪ್ರೆಸ್ಸುಗಳು ಬೆಳಗಿನಿಂದ ಸಂಜೆಯವರೆಗೆ ಹೊಡೆಯುತ್ತಿದ್ದರೆ ಎದೆಯೊಳಗಿನ ಬಡಿತ ಯಾವುದು, ಹೊರಗಿನದು ಯಾವುದು ಎಂಬ ಅನುಮಾನ ಬರುತ್ತಿತ್ತು. ನನ್ನ ಜೊತೆ ಅಲ್ಲಿ ಹಳಬರೆಂದರೆ ಇಬ್ಬರು. ಒಬ್ಬ ಗಂಗಹನುಮಯ್ಯ, ನಮಗೆಲ್ಲ ಗಂಗಣ್ಣ. ಪೀಣ್ಯ ಇನ್ನೂ ಹಳ್ಳಿಯಾಗಿದ್ದಾಗ ಅವನ ತಾತ ಅವರೆಕಾಯಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ನಮ್ಮ ಶೆಡ್ಡು ನಿಂತಿತ್ತು, ಅದನ್ನು ಅವನು ದುಃಖದಿಂದಲೂ ಹೇಳುತ್ತಿರಲಿಲ್ಲ, ಜಂಬದಿಂದಲೂ ಹೇಳುತ್ತಿರಲಿಲ್ಲ, ಬಸ್ ಸ್ಟಾಪು ಎಲ್ಲಿದೆ ಎಂದು ತೋರಿಸುವವನಂತೆ ಹೇಳುತ್ತಿದ್ದ. ಇನ್ನೊಬ್ಬ ಬಾಷಾ, ದೊಡ್ಡ ಪ್ರೆಸ್ಸಿನ ಆಪರೇಟರ್, ಶೆಡ್ಡಿನಲ್ಲಿ ಪೇಂಟ್ ಬ್ರಷ್ ಹಿಡಿಯಲು ಬರುತ್ತಿದ್ದ ಏಕೈಕ ಮನುಷ್ಯ.

ಶನಿವಾರ ಸಂಜೆ ಕೆಲಸ ಮುಗಿಯುವ ಮುಂಚೆ ಪ್ರೆಸ್ಸುಗಳನ್ನೆಲ್ಲ ನಿಲ್ಲಿಸಿ, ಬನಿಯನ್ ವೇಸ್ಟಿನ ಚಿಂದಿಯಿಂದ ಒರೆಸಿ, ಎಣ್ಣೆ ಬಿಡಬೇಕು. ಇದು ಪೀಣ್ಯದ ಶೆಡ್ಡುಗಳಲ್ಲೆಲ್ಲ ಇರುವ ಪದ್ಧತಿ. ವಾರವೆಲ್ಲ ಗುದ್ದಿಸಿಕೊಂಡ ಕಿವಿಗೆ ಮೌನವೆಂಬುದು ಒಮ್ಮೆಲೇ ಬಂದು ಬೀಳುತ್ತಿತ್ತು, ತುಂಬಿದ ಬಸ್ಸಿನಿಂದ ಇಳಿದಾಗ ಮೈಗೆ ಗಾಳಿ ತಗಲುತ್ತದಲ್ಲ, ಹಾಗೆ. ಸರಿಯಾಗಿ ಆ ಹೊತ್ತಿಗೆ ರೇಡಿಯೋದಲ್ಲಿ ಹಳೆಯ ಹಾಡುಗಳ ಕಾರ್ಯಕ್ರಮ ಬರುತ್ತಿತ್ತು. ನಡೆಸಿಕೊಡುತ್ತಿದ್ದಾಕೆ ಸ್ವತಃ ದೊಡ್ಡ ಗಾಯಕಿ. ನಮ್ಮ ಮದುವೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಆಕೆಯ ಹಾಡು ಹಾಕದಿದ್ದರೆ ಮೈಕ್ ಸೆಟ್ಟಿನವನನ್ನು ಬೈಯುವ ಕಾಲವೊಂದಿತ್ತು. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಪಾಲಿಗೆ ಆಕೆ ರೇಡಿಯೋ ಅಕ್ಕ. ಹಾಡು ಹಾಕುವ ಮುಂಚೆ ಅದರ ಮೊದಲ ಸಾಲನ್ನು ತಾವೇ ಮೆಲ್ಲಗೆ ಗುನುಗುತ್ತಿದ್ದರು, ವಾದ್ಯವಿಲ್ಲದೆ, ಅಕ್ಕಿ ಆರಿಸುತ್ತಾ ಹಾಡಿಕೊಳ್ಳುವವರಂತೆ. ಆ ಗುನುಗು ನಮಗೆ ಹಾಡಿಗಿಂತ ಹೆಚ್ಚಾಗಿತ್ತು. ಎಣ್ಣೆಗೈಯ ಗಂಡಸರೆಲ್ಲ ಆ ಒಂದು ಸಾಲಿಗೆ ಕೈ ನಿಲ್ಲಿಸುತ್ತಿದ್ದೆವು. ಆಮೇಲೆ ಹಾಡು ಶುರುವಾದರೆ ಮತ್ತೆ ಒರೆಸುವುದು.

ರೇಡಿಯೋ ಬಂದ ಹೊಸದರಲ್ಲಿ ಸದ್ದಿನ ಬಗ್ಗೆ ವಾರವಾರವೂ ಜಗಳ. ಬಾಷಾನಿಗೆ ಜೋರು ಬೇಕು, ಗಂಗಣ್ಣನಿಗೆ ಮೆಲ್ಲಗಿರಬೇಕು. ಕೊನೆಗೆ ಎಲ್ಲರೂ ಕೂತು, ನಾಬನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಎಲ್ಲರ ಕಿವಿಗೂ ಹಿತವೆನಿಸಿದ ಜಾಗ ಹುಡುಕಿದೆವು. ಬಾಷಾ ಬೆಂಕಿಕಡ್ಡಿಯ ತುದಿಯನ್ನು ಬಿಳಿ ಪೇಂಟಿಗೆ ಅದ್ದಿ ಅಲ್ಲೊಂದು ಚುಕ್ಕೆ ಇಟ್ಟ. ಯಾರಾದರೂ ಚುಕ್ಕೆ ದಾಟಿದರೆ ಎಲ್ಲರಿಗೂ ಟೀ ಕೊಡಿಸಬೇಕು ಎಂಬುದು ಕಾನೂನು. ಎಲ್ಲರಿಗೂ ಕೇಳಿಸದೆ ಹೋದರೆ, ಎಲ್ಲರೂ ಒಪ್ಪಿದರೆ, ಹೊಸ ಚುಕ್ಕೆ ಇಡಬಹುದು ಎಂಬುದು ಆ ಕಾನೂನಿನ ತಿದ್ದುಪಡಿ. ಎಂಥ ಪ್ರಜಾಪ್ರಭುತ್ವ ನೋಡಿ! ನಮ್ಮಲ್ಲಿ ಒಬ್ಬನಿಗೆ ಮಾತ್ರ ಕೇಳಿಸದೆ ಹೋಗಿದ್ದರೆ ಅವನನ್ನು ಗೇಲಿ ಮಾಡಿ ಆಸ್ಪತ್ರೆಗೆ ಅಟ್ಟುತ್ತಿದ್ದೆವು. ಎಲ್ಲರಿಗೂ ಒಟ್ಟಿಗೆ ಕಡಿಮೆಯಾಗುತ್ತಿತ್ತು, ಆದ್ದರಿಂದ ತಪ್ಪು ರೇಡಿಯೋದ್ದೇ ಎಂದು ಸರ್ವಾನುಮತದಿಂದ ತೀರ್ಮಾನವಾಗುತ್ತಿತ್ತು.

ಕಿವಿಗೆ ಇಡುವ ರಬ್ಬರ್ ಬಿರಡೆಗಳು ಇರಲಿಲ್ಲವೆಂದಲ್ಲ. ಓನರ್ ಕೊಡಿಸಿದ್ದರು. ಅವು ಗೋಡೆಯ ಮೊಳೆಗೆ ನೇತಾಡುತ್ತಿದ್ದವು, ಇನ್‌ಸ್ಪೆಕ್ಷನ್ ಇದ್ದ ದಿನ ಇಳಿದು ಕಿವಿಗೆ ಬರುತ್ತಿದ್ದವು, ಆಮೇಲೆ ಮತ್ತೆ ಮೊಳೆಗೆ. ಬಿರಡೆ ಇಟ್ಟರೆ ಪ್ರೆಸ್ಸಿನ ಸದ್ದು ಬದಲಾದದ್ದು ತಿಳಿಯುವುದಿಲ್ಲ, ತಿಳಿಯದಿದ್ದರೆ ಬೆರಳು ಹೋಗುತ್ತದೆ ಎಂಬುದು ನಮ್ಮ ವಾದ. ಬೆರಳು ಹೋದರೆ ರಕ್ತ ಬರುತ್ತದೆ, ಕೂಗು ಏಳುತ್ತದೆ, ಜನ ಓಡಿಬರುತ್ತಾರೆ. ಕಿವಿ ಹೋದರೆ ಏನೂ ಆಗುವುದಿಲ್ಲ. ಹೋದ ಕಿವಿ ಹೋಗುವ ಮುಂಚೆ ಹೇಗಿತ್ತೋ ಹಾಗೆಯೇ ತಲೆಯ ಪಕ್ಕದಲ್ಲಿ ಕೂತಿರುತ್ತದೆ, ಬೀಡಿ ಸಿಕ್ಕಿಸಿಕೊಳ್ಳಲು, ಪೆನ್ಸಿಲ್ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ನಾವು ಬೆರಳನ್ನು ಕಾಪಾಡಿಕೊಂಡೆವು.

ಚುಕ್ಕೆಗಳ ಸಾಲು ಬೆಳೆಯತೊಡಗಿತು. ಮೊದಲು ಸೆಟ್ಟಿನ ಸ್ಪೀಕರ್ ಹೋಗಿದೆ ಎಂದೆವು. ಜಾಲಹಳ್ಳಿ ಕ್ರಾಸಿನ ಹತ್ತಿರದ ರಿಪೇರಿಯವನು ಹಾಕಿ ನೋಡಿ, "ಚೆನ್ನಾಗೇ ಕೂಗ್ತಾ ಇದೆಯಲ್ಲ ಅಣ್ಣ," ಎಂದ. ಇವನಿಗೆ ಕೆಲಸ ಬರುವುದಿಲ್ಲ ಎಂದು ನಾವು ಹಟ ಹಿಡಿದು ಹೊಸ ಸ್ಪೀಕರ್ ಹಾಕಿಸಿದೆವು. ಒಂದೆರಡು ಶನಿವಾರ ಎಲ್ಲರಿಗೂ ಚೆನ್ನಾಗಿ ಕೇಳಿಸಿದಂತೆಯೂ ಆಯಿತು! ಆಮೇಲೆ ತುಮಕೂರು ರಸ್ತೆಯ ಮೇಲೆ ಮೆಟ್ರೋ ಬಂತು. "ಈ ಕಂಬಗಳೇ ಕಣಪ್ಪ," ಎಂದ ಗಂಗಣ್ಣ, "ಅಷ್ಟೂ ಕಬ್ಬಿಣ ಅಲ್ವ? ಸಿಗ್ನಲ್ಲೆಲ್ಲಾ ಅದೇ ಎಳ್ಕೊಂಬುಡ್ತದೆ." ಕಬ್ಬಿಣದ ನಡುವೆಯೇ ಬಾಳಿದ ನಮಗೆ ಆ ಮಾತು ಬಹಳ ಶಾಸ್ತ್ರೀಯವಾಗಿ ಕಂಡಿತು, ಬಾಷಾ ಇನ್ನೊಂದು ಚುಕ್ಕೆ ಇಟ್ಟ. ಆದರೆ ವಿಚಿತ್ರವೇನೆಂದರೆ ತಬಲದ ಗುಮುಕು ಮೊದಲಿನಷ್ಟೇ ಕೇಳಿಸುತ್ತಿತ್ತು, ವಾರ್ತೆ ಓದುವ ಗಂಡಸಿನ ದನಿಯೂ ತಕ್ಕಮಟ್ಟಿಗೆ ಕೇಳಿಸುತ್ತಿತ್ತು. ಕೆಳಗಿಳಿಯುತ್ತಿದ್ದದ್ದು ಆಕೆಯ ದನಿ ಮಾತ್ರ. ಮಾತಿನ ಅಂಚುಗಳು ಕರಗಿದಂತೆ, ತಾರಕಕ್ಕೆ ಹೋದಾಗ ಹಾಡು ಎಲ್ಲೋ ಬಾಗಿಲ ಆಚೆಗೆ ಹೋದಂತೆ. ಅಲ್ಲಿಗೆ ನಮ್ಮ ತನಿಖೆ ಮುಗಿಯಿತು. "ಆಯಮ್ಮಂಗೆ ವಯಸ್ಸಾಯ್ತು ಕಣೋ ಮೂರ್ತಿ. ಗಂಟ್ಲು ಬಿದ್ದೋಗದೆ," ಎಂದು ಗಂಗಣ್ಣ ನನಗೆ ಹೇಳಿದಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ನಾವು ರೇಡಿಯೋ ಸ್ಟೇಷನ್ನಿನ ವಿಳಾಸಕ್ಕೆ ಆಕೆಗೆ ಜೇನುತುಪ್ಪ ಕಳಿಸಿದೆವು. ಸಾವನದುರ್ಗದ ಕಡೆಯ ಜೇನು, ಗಂಗಣ್ಣ ತನ್ನ ತಂಗಿಯ ಊರಿನಿಂದ ತರಿಸಿದ್ದು. ಜೊತೆಗೆ ಬಾಷಾನ ಮನೆಯಿಂದ ಜೇಷ್ಠಮಧು, ಒಣಶುಂಠಿ. ಸ್ಕೂಟರಿನ ತುಂಡುಗಳನ್ನು ಕಟ್ಟುವ ಡಬ್ಬಿಯಲ್ಲೇ ಬಾಟಲಿ ಅಲುಗಾಡದಂತೆ ಬನಿಯನ್ ವೇಸ್ಟ್ ತುರುಕಿ ಕಟ್ಟಿದೆವು. ನಾಲ್ಕು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು: ಅಕ್ಕಾ, ನಿಮ್ಮ ದನಿ ಈಚೆಗೆ ಇಳಿಯುತ್ತಿದೆ, ಮಾತು ನುಂಗುತ್ತಿದ್ದೀರಿ, ಆರೋಗ್ಯ ನೋಡಿಕೊಳ್ಳಿ, ಇಂತಿ ಪ್ರೆಸ್ ಶಾಪಿನ ತಮ್ಮಂದಿರು.

ಕೆಲವು ವಾರಗಳ ಮೇಲೆ ಒಂದು ಶನಿವಾರ, ಆಗಿನ ಚುಕ್ಕೆಯ ಗೆರೆಗೆ ಸರಿಯಾಗಿ ನಾಬು ನಿಲ್ಲಿಸಿ ನಾವು ಒರೆಸುತ್ತಿದ್ದಾಗ, ರೇಡಿಯೋದಲ್ಲಿ 'ಪೀಣ್ಯ' ಎಂದಂತಾಯಿತು. 'ಜೇನುತುಪ್ಪ' ಎಂಬುದಂತೂ ಸ್ಪಷ್ಟವಾಗಿ ಕೇಳಿಸಿತು. ಬಾಷಾ ಸ್ಪ್ಯಾನರ್ ಎತ್ತಿ ಪ್ರೆಸ್ಸಿನ ಮೈಗೆ ಬಡಿದ, ಎಲ್ಲರೂ ಕೇಕೆ ಹಾಕಿದೆವು, ಆ ಗದ್ದಲದಲ್ಲಿ ಆಕೆ ಮುಂದೆ ಏನೋ ಹೇಳುತ್ತಿದ್ದರು, ನಿಧಾನವಾಗಿ ಹೇಳುತ್ತಿದ್ದರು, ನಾವು ಸುಮ್ಮನಾದ ಮೇಲೂ ಹೇಳುತ್ತಿದ್ದರು. ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ತಲೆಯಾಡಿಸುತ್ತಾ ನಗುತ್ತಿದ್ದರು. ನಾನೂ ತಲೆಯಾಡಿಸುತ್ತಾ ನಗುತ್ತಿದ್ದೆ. ಎಲ್ಲರಿಗೂ ಕೇಳಿಸಿದೆ, ನನಗೊಬ್ಬನಿಗೆ ಪೂರ್ತಿ ತಿಳಿಯಲಿಲ್ಲ ಎಂದುಕೊಂಡೆ; ಪ್ರತಿಯೊಬ್ಬನೂ ಹಾಗೆಯೇ ಅಂದುಕೊಂಡಿದ್ದ ಎಂಬುದು ತಿಳಿದದ್ದು ಆಮೇಲೆ.

ಮನೆಗೆ ಬಂದರೆ ಕೆಂಪಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳೂ ಮನೆಯಲ್ಲಿ ಮೊಬೈಲಿನ ರೇಡಿಯೋ ಹಾಕಿಕೊಂಡು ಅದೇ ಕಾರ್ಯಕ್ರಮ ಕೇಳುತ್ತಾಳೆ. ನನ್ನ ಹೆಂಡತಿಯ ಬಗ್ಗೆ ಒಂದು ಮಾತು ನಿಮಗೆ ಗೊತ್ತಿರಬೇಕು: ಅವಳು ಯಾವುದನ್ನೂ ಸಿಹಿ ಬೆರೆಸಿ ಹೇಳುವವಳಲ್ಲ. ನಮ್ಮ ಮದುವೆಯ ದಿನ ನನ್ನ ಪಂಚೆ ಗಿಡ್ಡವಾಗಿದೆ ಎಂದು ಧಾರೆಯ ಹೊತ್ತಿನಲ್ಲೇ ಹೇಳಿದವಳು.

"ನಮ್ ಜೇನುತುಪ್ಪ ರೇಡಿಯೋದಲ್ಲಿ ಬಂತು ಕಣೆ!" ಎಂದೆ.

"ಬಂತು," ಎಂದಳು. "ಆಯಮ್ಮ ಏನಂದ್ರು ಕೇಳಿಸ್ತಾ?"

"ಥ್ಯಾಂಕ್ಸ್ ಅಂದ್ರು."

"ಅಷ್ಟೇ ಅಲ್ಲ. ನನ್ ಗಂಟ್ಲು ಚೆನ್ನಾಗೈತೆ, ಇನ್ಯಾವ ಊರ್ನವರೂ ಇಂಗೆ ಬರ್ದಿಲ್ಲ ಅಂದ್ರು. ಪ್ರೆಸ್ ಶಾಪು ಅಂದ್ರೆ ಸದ್ದು ಜಾಸ್ತಿ ಅಲ್ವಾ, ಒಂದ್ಸಲ ಕಿವಿ ತೋರಿಸ್ಕಳಿ ತಮ್ಮಾ, ತಮಾಸೆಗೆ ಏಳ್ತಿಲ್ಲ ಅಂದ್ರು. ಎರಡ್ ಸಲ ಅಂದ್ರು, ರೀ."

ನಾನು ಚಪ್ಪಲಿ ಬಿಡುವುದನ್ನೂ ಮರೆತು ಮೆಟ್ಟಿಲ ಮೇಲೆ ಕೂತೆ. ಆಕೆಯ ದನಿಗೆ ಏನೂ ಆಗಿರಲಿಲ್ಲ. ಸೆಟ್ಟಿಗೆ ಆಗಿರಲಿಲ್ಲ, ಮೆಟ್ರೋ ಕಂಬಗಳು ಪಾಪ ತಮ್ಮ ಪಾಡಿಗೆ ತಾವು ರೈಲು ಹೊತ್ತಿದ್ದವು. ನಮ್ಮ ಕಿವಿಯ ಸಾವಿಗೆ ನಾವು ಊರಿನವರನ್ನೆಲ್ಲ ದೂರಿ, ಕೊನೆಗೆ ಆರೋಗ್ಯವಂತೆಗೆ ಔಷಧಿ ಕಳಿಸಿದ್ದೆವು. ನನಗೆ ಬಂದದ್ದು ದುಃಖವಲ್ಲ, ಭಯ. ಒಳಗಿನಿಂದ ಕುಕ್ಕರಿನ ವಾಸನೆ ಬರುತ್ತಿತ್ತು, ಅದರ ಸೀಟಿ ನಾನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದೆ, ಆಗಲಿಲ್ಲ.

ಡಾಕ್ಟರ ಬಳಿಗೆ ಗಂಗಣ್ಣ, ಬಾಷಾ, ನಾನು ಮೂವರೂ ಹೋದೆವು. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಗಂಗಣ್ಣ ಬಹಳ ಹೊತ್ತು ಗುಂಡಿಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಮಾನಕ್ಕೆ ಅಂಜಿ, ತೋಚಿದಾಗಲೆಲ್ಲ ಒತ್ತತೊಡಗಿದ. ಡಾಕ್ಟರು ಗಾಜಿನಾಚೆಯಿಂದ ಎದ್ದು ಬಂದು ಅವನ ಕೈಯಿಂದ ಗುಂಡಿಯನ್ನು ಮೆಲ್ಲಗೆ ತೆಗೆದುಕೊಂಡರು. ತೆಳ್ಳನೆಯ ಸದ್ದುಗಳು ಮೊದಲು ಹೋಗುತ್ತವಂತೆ, ದಪ್ಪನೆಯವು ಕೊನೆಗೆ. "ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ," ಎಂದು ಅವರು ಚೀಟಿಯಲ್ಲಿ ಬರೆದೂ ತೋರಿಸಿದರು. ಉಳಿಸಿಕೊಳ್ಳುವುದು ಹೇಗೆ? ಬಿರಡೆಗಳು ಅಂದಿನಿಂದ ಮೊಳೆ ಬಿಟ್ಟು ಕಿವಿಗೆ ಬಂದವು ನಿಜ, ಆದರೆ ವಿಷಯವನ್ನು ಓನರಿಗೆ ಮಾತ್ರ ನಾವ್ಯಾರೂ ಹೇಳಲಿಲ್ಲ. ಕಿವಿ ಕೇಳಿಸದು ಎಂದವನನ್ನು ಪ್ರೆಸ್ಸಿನ ಮುಂದೆ ಯಾರು ನಿಲ್ಲಿಸಿಕೊಳ್ಳುತ್ತಾರೆ? ಸದ್ದು ನಮ್ಮ ಕಿವಿಯನ್ನು ತಿಂದಿತ್ತು. ಕಿವಿ ಹೋದದ್ದು ತಿಳಿದರೆ ಅನ್ನ ಹೋಗುತ್ತಿತ್ತು. ಹಾಗಾಗಿ ಕೇಳಿಸುವವರಂತೆ ನಟಿಸುತ್ತಾ ಅದೇ ಸದ್ದಿನಲ್ಲಿ ಇನ್ನೂ ಕೆಲವು ವರ್ಷ ನಿಂತೆವು.

ಕಿವುಡುತನದ ಬಗ್ಗೆ ನಿಮಗೊಂದು ತಪ್ಪು ಕಲ್ಪನೆ ಇರಬಹುದು, ನನಗೂ ಇತ್ತು. ದೀಪ ಆರಿದಂತೆ ಪ್ರಪಂಚ ಒಮ್ಮೆಗೆ ನಿಶ್ಶಬ್ದವಾಗುತ್ತದೆ ಎಂದುಕೊಂಡಿದ್ದೆ. ಅದು ಹಾಗೆ ಬರುವುದಿಲ್ಲ. ಮದುವೆಮನೆಯಿಂದ ನೆಂಟರು ಹೇಳದೆ ಹೊರಟುಹೋಗುವಂತೆ ಸದ್ದುಗಳು ಒಂದೊಂದೇ ಎದ್ದು ಹೋಗುತ್ತವೆ, ಹೋದದ್ದು ತಿಳಿಯುವುದು ಎಲೆ ಹಾಕುವಾಗ. ಮೊದಲು ಸೊಳ್ಳೆಯ ಗುಂಯ್ ಹೋಯಿತು. ನಮ್ಮ ಮನೆಯಿರುವ ದಾಸರಹಳ್ಳಿಯಲ್ಲಿ ಸೊಳ್ಳೆ ಕಡಿಮೆಯಾಯಿತೆಂದು ನಾನು ಕಾರ್ಪೊರೇಷನ್ನನ್ನು ಹೊಗಳಿದ್ದೆ. ಆಮೇಲೆ ಗೇಟಿನ ಕಿರುಗು, ಒಗ್ಗರಣೆಯ ಚಟಪಟ, ಕೆಂಪಮ್ಮನ ಬಳೆ. ಹೋದವರ ಜಾಗದಲ್ಲಿ ಮೌನವಾದರೂ ಕೂತಿದೆಯೇ ಎಂದರೆ ಅದೂ ಇಲ್ಲ. ಯಾವುದೋ ಮೋಟರು ಹಗಲಿರುಳು ತಲೆಯೊಳಗೆ ಓಡುತ್ತಿರುತ್ತದೆ. ಮೇಲಾಗಿ, ಕುರುಡನಿಗೆ ಜನ ರಸ್ತೆ ದಾಟಿಸುತ್ತಾರೆ, ಕಿವುಡನಿಗೆ ರೇಗುತ್ತಾರೆ. ಮೂರು ಸಲ ಏನು ಏನು ಎಂದು ಕೇಳಿದವನಿಗೆ ನಾಲ್ಕನೆಯ ಸಲ ಸಿಗುವ ಉತ್ತರ, "ಏನಿಲ್ಲ ಬಿಡಿ." ಈ 'ಏನಿಲ್ಲ ಬಿಡಿ' ಎಂಬುದಕ್ಕಿಂತ ಒಂಟಿಯಾದ ಮಾತನ್ನು ನಾನು ಕಂಡಿಲ್ಲ. ಮಾತನಾಡಿದವರ ಪಾಲಿಗೆ ಅದು ಅಲ್ಲಿಗೆ ಮುಗಿಯುತ್ತದೆ, ನನಗೆ ಆ ಏನೂ ಅಲ್ಲದ್ದು ಏನಿತ್ತು ಎಂಬ ಚಿಂತೆ ಊಟದವರೆಗೂ ಇರುತ್ತದೆ.

ಶೆಡ್ಡು ಮುಚ್ಚಿತು. ಪ್ರೆಸ್ಸುಗಳು ಲಾರಿ ಹತ್ತಿದವು, ರೇಡಿಯೋ ಬೇಕೆಂದು ಯಾರೂ ಕೇಳಲಿಲ್ಲ, ನಾನು ಮನೆಗೆ ತಂದೆ. ಕಿವಿಯ ಮಿಷನ್ನೊಂದನ್ನೂ ಹಾಕಿಸಿಕೊಂಡೆ; ಅದು ಸದ್ದನ್ನು ಕೊಡುತ್ತದೆ, ಮಾತನ್ನು ಕೊಡುವುದಿಲ್ಲ, ಪಾತ್ರೆ ಬಿದ್ದರೆ ಸಿಡಿಲು ಬಡಿಸುತ್ತದೆ. ಬಹುಪಾಲು ಡ್ರಾಯರಿನಲ್ಲೇ ಇರುತ್ತದೆ. ಆದರೂ ಶನಿವಾರ ಸಂಜೆ ನಾಬನ್ನು ಕೊನೆಯ ಚುಕ್ಕೆಗೆ ತಿರುಗಿಸಿ, ರೇಡಿಯೋಕ್ಕೆ ಕೆನ್ನೆ ಆನಿಸಿ ಕೂರುವುದನ್ನು ಬಿಟ್ಟಿರಲಿಲ್ಲ. ತಬಲ ಸಿಗುತ್ತಿತ್ತು. ಕೆಲವು ಸಲ, ಬಹಳ ದೂರದಲ್ಲಿ, ಆ ಗುನುಗಿನ ನೆರಳಿನಂಥದ್ದೂ ಸಿಗುತ್ತಿತ್ತು, ಅಥವಾ ಅದು ನನ್ನ ನೆನಪೇ ಇರಬೇಕು.

ಹೀಗಿರುವಾಗ ಕೆಂಪಮ್ಮ ಒಂದು ದಿನ ಮುಂದೆ ಬಂದು ಕೂತು ಹೇಳಿದಳು, "ಬರೋ ಶನಿವಾರಕ್ಕೆ ಕೊನೆಯಂತೆ ಕಣ್ರೀ. ಆಯಮ್ಮ ಇನ್ ಮ್ಯಾಕೆ ರೇಡಿಯೋಗೆ ಬರಲ್ವಂತೆ." ನನಗೆ ಆ ವಾರವೆಲ್ಲ ಬೇರೆ ಯೋಚನೆಯೇ ಇರಲಿಲ್ಲ. ಆಕೆ ಹೋಗುವ ಮುಂಚೆ ಒಂದು ಸಲ, ಒಂದೇ ಒಂದು ಗುನುಗು, ಕೇಳಿಸಿಬಿಟ್ಟರೆ ಸಾಕು ಎನಿಸಿತ್ತು. ಗಂಗಣ್ಣನಿಗೂ ಬಾಷಾನಿಗೂ ಹೇಳಿ ಕಳಿಸಿದೆ.

ಇಬ್ಬರೂ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು. ಬಾಷಾ ಖರ್ಜೂರ ತಂದಿದ್ದ. ಗಂಗಣ್ಣ ಈಗ ಪೂರಾ ಕಿವುಡ, ಆದರೂ ರೇಡಿಯೋದ ಎದುರಿಗೇ ಜಾಗ ಹಿಡಿದ. ನಾಬನ್ನು ಕೊನೆಯ ಚುಕ್ಕೆಗೆ ತಿರುಗಿಸಿದೆವು, ಗೂಡಿನ ಡಬ್ಬಿಗಳು ಅದುರಿದವು, ನಮಗೆ ಸಿಕ್ಕಿದ್ದು ಅದೇ ಗೊಗ್ಗರು ಗುಮುಕು. ಅಷ್ಟರಲ್ಲಿ ಮಹಡಿಯ ಪಿಜಿಯಲ್ಲಿ ಬಾಡಿಗೆಗಿದ್ದ ಹುಡುಗನೊಬ್ಬ ಬಾಗಿಲಿಗೆ ಬಂದು ಎರಡೂ ಕಿವಿ ಮುಚ್ಚಿಕೊಂಡು ಏನೋ ಹೇಳಿ ಹೋದ. ಕೆಂಪಮ್ಮ ಎದ್ದಳು. ರೇಡಿಯೋವನ್ನು ತನ್ನ ಮಡಿಲಿಗೆ ಎತ್ತಿಕೊಂಡು, ನಾಬನ್ನು ಹಿಂದಕ್ಕೆ, ಹಿಂದಕ್ಕೆ, ಚುಕ್ಕೆಗಳನ್ನು ಒಂದೊಂದಾಗಿ ದಾಟಿಸಿ, ಮೊಟ್ಟಮೊದಲ ಚುಕ್ಕೆಗೆ ತಂದು ನಿಲ್ಲಿಸಿದಳು. ನಮ್ಮ ಪಾಲಿಗೆ ಸದ್ದೆಲ್ಲ ನಿಂತುಹೋಯಿತು.

"ಇತ್ಲಾಗ್ ನೋಡಿ ಮೂರ್ ಜನಾನೂ," ಎಂದಳು ದೊಡ್ಡದಾಗಿ ಬಾಯಿ ತೆರೆದು. "ನಾನ್ ಏಳ್ತೀನಿ."

ಕೇಳಿ ಕೇಳಿ ಹೇಳುತ್ತಾ ಹೋದಳು. "ಎಲ್ಲಾರ್ಗೂ ನಮಸ್ಕಾರ ಅಂತಾವ್ರೆ... ಬೇಜಾರ್ ಮಾಡ್ಕಬೇಡಿ ಅಂತಾವ್ರೆ... ಈಗ ಗುನುಗ್ತಾವ್ರೆ." ಗುನುಗನ್ನು ಹೇಳುವುದು ಹೇಗೆ? ಅವಳು ತೋರುಬೆರಳನ್ನು ಎತ್ತಿ, ದನಿ ಏರಿದಂತೆ ಗಾಳಿಯಲ್ಲಿ ಏರಿಸಿ, ಇಳಿದಂತೆ ಇಳಿಸಿದಳು. ಮೂರು ಮುದುಕರು ಒಂದು ಹೆಂಗಸಿನ ಬೆರಳನ್ನು ನೋಡುತ್ತಾ ಕೂತೆವು. ಹಾಡಿನ ಮೇಲೆ ಹಾಡು ಹಾಗೆಯೇ ಹೋಯಿತು. ನನಗೆ ಅಳು ಬಂತು, ಬಾಷಾ ಕಿಟಕಿಯ ಕಡೆ ತಿರುಗಿಕೊಂಡ.

ಕೊನೆಯಲ್ಲಿ ಕೆಂಪಮ್ಮ ಬೆರಳು ಇಳಿಸಿ, ರೇಡಿಯೋವನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು. ಆಮೇಲೆ, "ಪೀಣ್ಯದಿಂದ ಜೇನುತುಪ್ಪ ಕಳ್ಸಿದ್ರಲ್ಲ ತಮ್ಮಂದ್ರು, ಅವ್ರು ಎಲ್ಲವ್ರೋ ಏನೋ, ಚೆನ್ನಾಗಿರ್ಲಿ ಅಂದ್ರು," ಎಂದಳು. ಹೇಳುವಾಗ ಅವಳ ಕಣ್ಣು ನಮ್ಮ ಮೇಲಿರಲಿಲ್ಲ, ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ಗಂಗಣ್ಣನಿಗೆ ತುಟಿಯಿಂದ ಅಷ್ಟೂ ತಿಳಿಯಲಿಲ್ಲ, ಇನ್ನೊಂದು ಸಲ ಹೇಳು ಎಂದು ಸನ್ನೆ ಮಾಡಿದ. ಅವಳು ಇನ್ನೊಂದು ಸಲ ಹೇಳಿದಳು. ಆ ಮನುಷ್ಯ ಎರಡೂ ಕೈ ಎತ್ತಿ ರೇಡಿಯೋಕ್ಕೆ ಮುಗಿದ. "ಜ್ಞಾಪಕ ಮಡಗವ್ರೆ ಕಣೋ ಮೂರ್ತಿ, ಜ್ಞಾಪಕ ಮಡಗವ್ರೆ," ಎಂದು ತನಗೇ ಕೇಳಿಸದ ದನಿಯಲ್ಲಿ ಬೀದಿಗೆಲ್ಲ ಕೇಳಿಸುವಂತೆ ಕೂಗಿದ.

ಅವರು ಹೋದ ಮೇಲೆ ಕೆಂಪಮ್ಮ ಲೋಟಗಳನ್ನು ತೊಳೆಯುತ್ತಿದ್ದಳು. ನಾನು ಹಿಂದೆ ನಿಂತು, "ನಿಜವಾಗ್ಲೂ ಹಂಗಂದ್ರಾ?" ಎಂದೆ. ಅವಳ ಹೆಗಲು ಅಲುಗಿತು, ಏನೋ ಹೇಳಿದಳು, ಆದರೆ ಈ ಕಡೆ ತಿರುಗಲಿಲ್ಲ. ನನಗೆ ಉತ್ತರ ಬೇಕಿದ್ದರೆ ಅವಳ ಭುಜ ಹಿಡಿದು ತಿರುಗಿಸಬೇಕಿತ್ತು. ನಾನು ತಿರುಗಿಸಲಿಲ್ಲ.

ರೇಡಿಯೋವನ್ನು ಗೂಡಿಗೆ ಎತ್ತಿಡಲು ಹೋದಾಗ ನೋಡಿದೆ, ನಾಬಿನ ಗೆರೆ ಇನ್ನೂ ಆ ಮೊದಲ ಚುಕ್ಕೆಯ ನೇರಕ್ಕೇ ನಿಂತಿತ್ತು. ಶೆಡ್ಡಿನಲ್ಲಿ ನಾವೆಲ್ಲ ಕೂತು, ಎಲ್ಲರ ಕಿವಿಗೂ ಇದು ಹಿತ ಎಂದು ಒಪ್ಪಿದ್ದ ಜಾಗ. ಕೆಂಪಮ್ಮ ಪೂರ್ತಿ ಕಾರ್ಯಕ್ರಮವನ್ನು ಅಲ್ಲಿಟ್ಟೇ, ಒಂದು ಅಕ್ಷರ ಬಿಡದೆ ಕೇಳಿದ್ದಳು. ಇಷ್ಟು ವರ್ಷಗಳಲ್ಲಿ ರೇಡಿಯೋ ಅಕ್ಕನ ದನಿ ಒಂದು ಚುಕ್ಕೆಯಷ್ಟೂ ಇಳಿದಿರಲಿಲ್ಲ.